ಕಾಣದ ಬೆಸುಗೆ

ಹೆಗ್ಗಡದೇವನಕೋಟೆಯ ಕಾಡಂಚಿನ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನಿಗೆ ಗಂಡುಮಗು ಹುಟ್ಟಿತು. ಎಳೆಯ ವಯಸ್ಸಿನಲ್ಲೇ ತಬ್ಬಲಿಯಾದ ಆ ಹುಡುಗ ಮೈಸೂರು ಮಹಾರಾಜರ ಆನೆಲಾಯದ ಆಶ್ರಯದಲ್ಲಿದ್ದಾಗ, ಚಿತ್ರ ತೆಗೆಯಲೆಂದು ಇಲ್ಲಿಗೆ ಬಂದಿದ್ದ ರಾಬರ್ಟ್ ಫ್ಲಾಹರ್ಟಿಯ ತಂಡದವರ ಕಣ್ಣಿಗೆ ಬಿದ್ದ. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಚಿತ್ರ ಅವನನ್ನು ಜಗತ್ತಿಗೆ ಪರಿಚಯಿಸಿತು. ಅವನೇ ಸಾಬು. ಮೂರು ವರ್ಷಗಳ ಅನಂತರ, 1940ರಲ್ಲಿ, 'ದಿ ಥೀಫ್ ಆಫ್ ಬಾಗ್ದಾದ್' ಎಂಬ ವರ್ಣಚಿತ್ರದಲ್ಲಿ ಅದೇ ಹುಡುಗ ಸಮುದ್ರತೀರದಲ್ಲಿ ಸಿಕ್ಕ ಸೀಸೆಯೊಂದರ ಬಿರಡೆ ತೆಗೆಯುತ್ತಾನೆ. ಹೊಗೆ ಏಳುತ್ತದೆ, ಹೊಗೆಯೇ ಬೆಟ್ಟದೆತ್ತರದ ಭೂತವಾಗಿ ನಿಲ್ಲುತ್ತದೆ, ಅದರ ಕಾಲಬುಡದಲ್ಲಿ ನಮ್ಮ ಸಾಬು ಇರುವೆಯಂತೆ ಕಾಣುತ್ತಾನೆ. ಮುಂದೆ ಆ ಭೂತ ಅವನನ್ನು ಹೊತ್ತು ಆಕಾಶದಲ್ಲಿ ಹಾರುತ್ತದೆ.

ಭೂತವಾಗಿ ನಟಿಸಿದ ರೆಕ್ಸ್ ಇಂಗ್ರಾಮ್ ಎತ್ತರದ ಆಳು ನಿಜ, ಆದರೆ ಬೆಟ್ಟದಷ್ಟಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಚಿತ್ರೀಕರಿಸಿ, ಒಂದು ಚಿತ್ರದಿಂದ ಹುಡುಗನ ಆಕೃತಿಯನ್ನು ಕತ್ತರಿಸಿ ಇನ್ನೊಂದರಲ್ಲಿ ಕೂಡಿಸಿದವನು ಲಾರೆನ್ಸ್ ಬಟ್ಲರ್ ಎಂಬ ತಂತ್ರಜ್ಞ. ಆ ಕೆಲಸಕ್ಕೆ ಅವನಿಗೆ ಆಸ್ಕರ್ ಪಾರಿತೋಷಕವೂ ದೊರೆಯಿತು. ಇಂದು ಆ ಚಿತ್ರವನ್ನು ಗಮನವಿಟ್ಟು ನೋಡುವವರಿಗೆ ಕತ್ತರಿಸಿದ ಆಕೃತಿಗಳ ಅಂಚಿನಲ್ಲಿ ಅಲ್ಲಲ್ಲಿ ತೆಳುವಾದ ನೀಲಿ ಗೆರೆ ಮಿನುಗುವುದು ಕಾಣಿಸೀತು. ಆ ಗೆರೆಯನ್ನು ಅಳಿಸುವುದಕ್ಕಾಗಿ ಎಂಬತ್ತು ವರ್ಷಗಳಿಂದ ನಡೆದಿರುವ ಹೆಣಗಾಟವೇ ಈ ಲೇಖನದ ವಸ್ತು.

ಬೇರೆ ಬೇರೆ ಕಡೆ, ಬೇರೆ ಬೇರೆ ದಿನ ತೆಗೆದ ಚಿತ್ರಗಳನ್ನು ಕೂಡಿಸಿ, ಒಂದೇ ಗಳಿಗೆಯಲ್ಲಿ ಒಂದೇ ಕ್ಯಾಮೆರಾ ಕಂಡದ್ದೆಂಬ ನಂಬಿಕೆ ಹುಟ್ಟಿಸುವ ವಿದ್ಯೆಗೆ ಕಾಂಪೋಸಿಟಿಂಗ್ ಎಂದು ಹೆಸರು. ಚಿತ್ರಬೆಸುಗೆ ಎಂದು ಕರೆದರೂ ತಪ್ಪಾಗಲಾರದು. ಅಕ್ಕಸಾಲಿಗನ ಬೆಸುಗೆಯಂತೆ ಇದೂ ಕಂಡರೆ ಕೆಟ್ಟಿತು.

ಈ ವಿದ್ಯೆ ಚಲಚ್ಚಿತ್ರದಷ್ಟೇ ಹಳೆಯದು. 1898ರಲ್ಲಿಯೇ ಫ್ರಾನ್ಸಿನ ಜಾರ್ಜ್ ಮೆಲಿಯೇ ತನ್ನ ತಲೆಯನ್ನು ತಾನೇ ಕಿತ್ತು ಮೇಜಿನ ಮೇಲಿಟ್ಟು, ಮತ್ತೊಂದು ತಲೆ ತಳೆದು ನಿಂತು ತೋರಿಸಿದ. ಕಪ್ಪು ಹಿನ್ನೆಲೆಯಿದ್ದಲ್ಲಿ ಫಿಲ್ಮಿಗೆ ಬೆಳಕು ತಾಗುವುದಿಲ್ಲ. ಫಿಲ್ಮನ್ನು ಹಿಂದಕ್ಕೆ ಸುತ್ತಿ ಅದೇ ಜಾಗದಲ್ಲಿ ಮತ್ತೊಮ್ಮೆ ಚಿತ್ರ ತೆಗೆಯಬಹುದು. ನಮ್ಮ ದೇಶದ ದ್ವಿಪಾತ್ರದ ಚಿತ್ರಗಳಲ್ಲಿ ಬಹುಕಾಲ ನಡೆದು ಬಂದ ಉಪಾಯವೂ ಇದರ ದಾಯಾದಿಯೇ: ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಮಸೂರದ ಅರ್ಧವನ್ನು ಮುಚ್ಚಿ ನಟನನ್ನು ಎಡಗಡೆ ನಿಲ್ಲಿಸಿ ಒಮ್ಮೆ, ಉಳಿದರ್ಧವನ್ನು ಮುಚ್ಚಿ ವೇಷ ಬದಲಿಸಿ ಬಲಗಡೆ ನಿಲ್ಲಿಸಿ ಇನ್ನೊಮ್ಮೆ. ಬೆಸುಗೆಯ ಗೆರೆಯನ್ನು ಒಂದು ಕಂಬವೋ ಬಾಗಿಲ ಚೌಕಟ್ಟೋ ಮರೆಮಾಡುತ್ತಿತ್ತು. 1977ರ 'ಬಭ್ರುವಾಹನ'ದಲ್ಲಿ ಅರ್ಜುನನೂ ರಾಜಕುಮಾರರೇ, ಬಭ್ರುವಾಹನನೂ ರಾಜಕುಮಾರರೇ ಎಂಬುದನ್ನು ಮರೆತು ಅಪ್ಪ ಮಗನ ವಾಗ್ವಾದ ಕೇಳಿದ ಪ್ರೇಕ್ಷಕರು ಬೆಸುಗೆಯನ್ನು ಹುಡುಕಲು ಹೋಗಲಿಲ್ಲ. ಅಭಿನಯ ಅಷ್ಟು ಗಟ್ಟಿಯಾಗಿದ್ದರೆ ಗೆರೆಯನ್ನು ನೋಡುವವರಾರು?

ಆದರೆ ಈ ಉಪಾಯಕ್ಕೆ ಒಂದು ಮಿತಿಯುಂಟು. ಗೆರೆ ನಿಂತಲ್ಲೇ ನಿಂತಿರಬೇಕು. ನಟ ಕೈ ಚಾಚಿ ಆಚೆ ಬದಿಗೆ ದಾಟುವಂತಿಲ್ಲ. ಹಾರುವ ಹುಡುಗನಿಗೆ ಬೇಕಾದುದು ಅವನೊಡನೆಯೇ ಚಲಿಸುವ ಗೆರೆ. ಕ್ಷಣಕ್ಕೆ 24 ಬಾರಿ ಆಕಾರ ಬದಲಿಸುವ ಗೆರೆ.

ನೀಲಿ ತೆರೆಯ ಮರ್ಮ

ಅಂಥ ಗೆರೆಯನ್ನು ಬಟ್ಲರ್ ಕಂಡುಕೊಂಡದ್ದು ಬಣ್ಣದಲ್ಲಿ. ಆಗಿನ ಟೆಕ್ನಿಕಲರ್ ಕ್ಯಾಮೆರಾ ಕೆಂಪು, ಹಸಿರು, ನೀಲಿ ಅಂಶಗಳನ್ನು ಬೇರ್ಪಡಿಸಿ ಮೂರು ಕಪ್ಪುಬಿಳುಪು ಫಿಲ್ಮುಗಳ ಮೇಲೆ ದಾಖಲಿಸುತ್ತಿತ್ತು. ನಟನನ್ನು ನೀಲಿ ತೆರೆಯ ಮುಂದೆ ನಿಲ್ಲಿಸಿದರೆ, ನೀಲಿಯ ದಾಖಲೆಯಲ್ಲಿ ತೆರೆ ಬೆಳ್ಳಗೆ ಬೆಳಗುತ್ತದೆ. ಕೆಂಪಿನ ದಾಖಲೆಯಲ್ಲಿ ಅದೇ ತೆರೆ ಕಪ್ಪಾಗಿ ಕುಳಿತಿರುತ್ತದೆ. ಮನುಷ್ಯನ ಮೈಬಣ್ಣದಲ್ಲಿ ನೀಲಿ ಕಡಿಮೆ, ಕೆಂಪು ಹೆಚ್ಚು. ಒಂದರ ಪಡಿಯಚ್ಚಿನ ಮೇಲೆ ಇನ್ನೊಂದರ ನೆಗೆಟಿವನ್ನು ಹೊಂದಿಸಿಟ್ಟು ಮುದ್ರಿಸಿದಾಗ ನಟನ ಆಕೃತಿ ಅಚ್ಚ ಕಪ್ಪು ನೆರಳಾಗಿ ಉಳಿಯುತ್ತದೆ. ಈ ನೆರಳಿಗೆ ಮ್ಯಾಟ್ ಎನ್ನುತ್ತಾರೆ. ಮುಸುಕು ಎಂದರೂ ಸರಿಯೆ. ಮುಸುಕಿನಿಂದ ಹಿನ್ನೆಲೆಯಲ್ಲಿ ನಟನ ಆಕಾರದ ಹಳ್ಳ ತೋಡಿ, ಆ ಹಳ್ಳದಲ್ಲಿ ನಟನನ್ನು ತುಂಬುವುದು. ಕೇಳುವುದಕ್ಕೆ ಸುಲಭ.

ತೊಡಕು ಇದ್ದದ್ದು ಅಂಚಿನಲ್ಲಿ. ಕೂದಲೆಳೆ, ಹಾರುವ ಸೆರಗು, ಗಾಜು, ಹೊಗೆ, ವೇಗವಾಗಿ ಬೀಸಿದ ಕೈ, ಇವುಗಳ ಅಂಚು ಪೂರ್ತಿ ನಟನದೂ ಅಲ್ಲ, ಪೂರ್ತಿ ತೆರೆಯದೂ ಅಲ್ಲ. ಅಲ್ಲಿ ಎರಡೂ ಬೆರೆತಿರುತ್ತವೆ. ಗಡಸು ಮುಸುಕು ಅಂಥ ಕಡೆ ಒಂದೋ ಕೂದಲನ್ನು ಬೋಳಿಸುತ್ತದೆ, ಇಲ್ಲವೇ ನೀಲಿಯನ್ನು ಉಳಿಸುತ್ತದೆ.

ಈ ಗಂಟನ್ನು ಬಿಡಿಸಿದವನು ಪೆಟ್ರೋ ವ್ಲಾಹೋಸ್. 1959ರ 'ಬೆನ್-ಹರ್' ಚಿತ್ರಕ್ಕಾಗಿ ಅವನು ರೂಪಿಸಿದ ವಿಧಾನದ ಹಿಂದಿರುವ ಗಮನಿಕೆ ಬಹು ಸರಳ. ಚರ್ಮ, ಕೂದಲು, ಮರ, ಮಣ್ಣು, ಬಿಳಿ ಬಟ್ಟೆ, ಇಂಥ ಸಾಮಾನ್ಯ ವಸ್ತುಗಳಲ್ಲಿ ನೀಲಿಯ ಪ್ರಮಾಣ ಹಸಿರಿನ ಪ್ರಮಾಣವನ್ನು ಮೀರುವುದು ವಿರಳ. ಹಾಗಾದರೆ ಎಲ್ಲೆಲ್ಲಿ ನೀಲಿ ಹಸಿರನ್ನು ಮೀರಿದೆಯೋ ಅಲ್ಲೆಲ್ಲ ಮೀರಿದಷ್ಟು ಪಾಲು ತೆರೆಯದು. ಆ ವ್ಯತ್ಯಾಸವೇ ಮುಸುಕು; ಅದು ಕರಿದು ಬಿಳಿದು ಎಂಬ ಎರಡೇ ಬಗೆಯದಲ್ಲ, ನಡುವಿನ ನೂರು ಬೂದುಛಾಯೆಗಳನ್ನೂ ಉಳಿಸಿಕೊಂಡದ್ದು. ನಟನ ಚಿತ್ರದಲ್ಲಿಯೂ ನೀಲಿಯನ್ನು ಹಸಿರಿನ ಮಟ್ಟಕ್ಕೆ ಇಳಿಸಿಬಿಟ್ಟರೆ ಅಂಚಿನ ನೀಲಿಗೆರೆ ಮಾಯ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ನೇರಳೆ ಬಣ್ಣದ ಉಡುಪು ತೊಟ್ಟು ಬಂದ ನಟಿಯ ಉಡುಪು ತೆರೆಯ ಮೇಲೆ ಕೆಂಪಾಗಿ ಕಾಣುವುದು. ಇಂದು ಕಂಪ್ಯೂಟರಿನಲ್ಲಿ ಬಣ್ಣದ ಸೋಂಕು ತೆಗೆಯುವ ಪ್ರತಿಯೊಂದು ಸಲಕರಣೆಯ ಹೊಟ್ಟೆಯಲ್ಲಿಯೂ ಈ ಒಂದು ಸಾಲಿನ ಲೆಕ್ಕ ಇದ್ದೇ ಇದೆ.

1964ರ 'ಮೇರಿ ಪಾಪಿನ್ಸ್' ಚಿತ್ರದಲ್ಲಿ ಇದಕ್ಕಿಂತಲೂ ಸೊಗಸಾದ ವಿಧಾನವೊಂದು ಬಳಕೆಯಾಯಿತು. ನಮ್ಮ ಪಟ್ಟಣಗಳ ಬೀದಿಗಳನ್ನು ಬಹುಕಾಲ ಬೆಳಗಿದ ಹಳದಿ ಸೋಡಿಯಂ ದೀಪ ಎಲ್ಲರಿಗೂ ನೆನಪಿರಬಹುದು. ಆ ದೀಪ ಬೆಳಕಿನ ವರ್ಣಪಟಲದ ಒಂದು ಸಣ್ಣ ಎಳೆಯಲ್ಲಿ, ಸುಮಾರು 589 ನ್ಯಾನೊಮೀಟರಿನಲ್ಲಿ, ಮಾತ್ರ ಉರಿಯುತ್ತದೆ. ನಟರ ಹಿಂದಿನ ತೆರೆಗೆ ಸೋಡಿಯಂ ಬೆಳಕು. ನಟರ ಮೇಲೆ ಆ ಎಳೆಯನ್ನು ಸೋಸಿ ತೆಗೆದ ಬೆಳಕು. ಕ್ಯಾಮೆರಾದೊಳಗಿನ ವಿಶೇಷ ಪಟ್ಟಕವೊಂದು ಹಳದಿಯನ್ನು ಮಾತ್ರ ಬೇರೆ ಫಿಲ್ಮಿಗೆ ತಿರುಗಿಸುತ್ತದೆ. ಚಿತ್ರವೂ ಮುಸುಕೂ ಒಂದೇ ಕ್ಷಣದಲ್ಲಿ ಸಿದ್ಧ. ನಾಯಕಿಯ ಟೋಪಿಯ ಜಾಲರಿಯ ಮೂಲಕ ಬರೆದ ಹಿನ್ನೆಲೆ ಸ್ವಚ್ಛವಾಗಿ ಕಾಣುತ್ತದೆ. ವ್ಲಾಹೋಸ್, ಉಬ್ ಐವರ್ಕ್ಸ್, ವಾಡ್ಸ್‌ವರ್ತ್ ಪೋಲ್ ಮೂವರಿಗೂ ಇದಕ್ಕಾಗಿ ಆಸ್ಕರ್ ಗೌರವ ಸಂದಿತು. ಆದರೆ ಆ ಪಟ್ಟಕವನ್ನು ಮತ್ತೆ ಮತ್ತೆ ತಯಾರಿಸುವುದು ದುಸ್ಸಾಧ್ಯವಾದ್ದರಿಂದ ಲೋಕ ನೀಲಿ ತೆರೆಗೇ ಮರಳಿತು, ಬಳಿಕ ಹಸಿರು ತೆರೆಗೆ.

ಹಸಿರೇಕೆ ಎಂದು ಅನೇಕರು ಕೇಳುವುದುಂಟು. ಡಿಜಿಟಲ್ ಕ್ಯಾಮೆರಾದ ಸಂವೇದಕದಲ್ಲಿ ಸಾಮಾನ್ಯವಾಗಿ ಒಂದು ಕೆಂಪು ಚುಕ್ಕಿ, ಒಂದು ನೀಲಿ ಚುಕ್ಕಿಗೆ ಎರಡು ಹಸಿರು ಚುಕ್ಕಿಗಳಿರುತ್ತವೆ. ಹಸಿರಿನಲ್ಲಿ ವಿವರ ಹೆಚ್ಚು, ತರಿ ಕಡಿಮೆ. ಹಸಿರು ಬಟ್ಟೆಗೆ ದೀಪವೂ ಕಡಿಮೆ ಸಾಕು. ಹಾಗೆಂದು ಎಲ್ಲಕ್ಕೂ ಹಸಿರೇ ಎಂದು ಹೊರಡಬಾರದು. ಗಿಳಿಹಸಿರು ರೇಷ್ಮೆಯುಟ್ಟ ಮದುವಣಗಿತ್ತಿಯನ್ನು ಹಸಿರು ಪರದೆಯ ಮುಂದೆ ನಿಲ್ಲಿಸಿದರೆ, ಆಕೆಯ ಮುಖ, ಕೈಗಳಷ್ಟೇ ಸ್ವಿಟ್ಜರ್‌ಲೆಂಡಿನ ಹಿಮದ ಮೇಲೆ ತೇಲಾಡಿಯಾವು! ಎಲೆ ಗಿಡಗಳಿರುವಲ್ಲಿ, ಇರುಳಿನ ದೃಶ್ಯಗಳಲ್ಲಿ ನೀಲಿಯೇ ಲೇಸು. 2021ರ 'ಡ್ಯೂನ್' ಚಿತ್ರದವರು ಇನ್ನೂ ಜಾಣರು. ಕಥೆ ನಡೆಯುವುದು ಮರುಭೂಮಿಯಲ್ಲಿ. ಅವರು ಮರಳಿನ ಬಣ್ಣದ ತೆರೆಯನ್ನೇ ಕಟ್ಟಿದರು. ತೆರೆಯಿಂದ ನಟರ ಮೈಮೇಲೆ ಚೆಲ್ಲಿದ ಬಣ್ಣ ಮರಳಿನದೇ ಆದ್ದರಿಂದ ಅದನ್ನು ತೆಗೆಯುವ ಗೋಜೇ ಇರಲಿಲ್ಲ. ಮರಳಿನ ಬಣ್ಣವನ್ನು ಕಂಪ್ಯೂಟರಿನಲ್ಲಿ ತಿರುಗುಮುರುಗು ಮಾಡಿದರೆ ದೊರೆಯುವುದು ನೀಲಿ ಛಾಯೆ ಎಂಬುದು ಅವರ ಗುಟ್ಟು.

ನಾಲ್ಕನೆಯ ಅಂಕೆ

ಫಿಲ್ಮು ಹೋಗಿ ಕಂಪ್ಯೂಟರು ಬಂದಾಗ ಮುಸುಕು ಒಂದು ಅಂಕೆಯಾಯಿತು. ಚಿತ್ರದ ಪ್ರತಿಯೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕೆಗಳ ಜೊತೆಗೆ ನಾಲ್ಕನೆಯದೊಂದನ್ನು ಇಡಬೇಕೆಂದು 1970ರ ದಶಕದ ಕೊನೆಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಯೋಚಿಸಿದರು. ಅದಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಆ ಚುಕ್ಕಿಯ ಎಷ್ಟು ಪಾಲನ್ನು ವಸ್ತು ಮುಚ್ಚಿದೆ ಎಂಬುದನ್ನು ಆಲ್ಫಾ ಹೇಳುತ್ತದೆ. 1984ರಲ್ಲಿ ಲೂಕಾಸ್‌ಫಿಲ್ಮ್ ಸಂಸ್ಥೆಯ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಇದರ ಲೆಕ್ಕವನ್ನು ಒಂದು ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ನಿರೂಪಿಸಿದರು. ಕೂದಲೆಳೆ ಒಂದು ಚುಕ್ಕಿಯ ನೂರರಲ್ಲಿ 40 ಪಾಲನ್ನು ಮುಚ್ಚಿದ್ದರೆ, ಕೂದಲಿನ ಬಣ್ಣ 40 ಪಾಲು, ಹಿನ್ನೆಲೆಯ ಬಣ್ಣ ಉಳಿದ 60 ಪಾಲು. ಇಷ್ಟೇ.

ಇಷ್ಟೇ ಆದರೂ ಹೊಸಬರು ಎಡವುವುದು ಇಲ್ಲಿಯೇ. ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಚಿತ್ರಗಳಲ್ಲಿ ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿಟ್ಟಿರುತ್ತಾರೆ. ಅದು ಕಲಸಿದ ಅನ್ನವಿದ್ದಂತೆ. ಸಾರಿಗೆ ಮಾತ್ರ ಉಪ್ಪು ಹಾಕುತ್ತೇನೆಂದರೆ ಆಗದು. ಬಣ್ಣ ತಿದ್ದಬೇಕಾದರೆ ಮೊದಲು ಆಲ್ಫಾದಿಂದ ಭಾಗಿಸಿ ಬಿಡಿಸಿಕೊಳ್ಳಬೇಕು, ತಿದ್ದಬೇಕು, ಮತ್ತೆ ಗುಣಿಸಬೇಕು. ಈ ಕ್ರಮ ತಪ್ಪಿದರೆ ಆಕೃತಿಯ ಸುತ್ತ ಕಪ್ಪು ಇಲ್ಲವೇ ಬಿಳಿ ಬಳೆಯೊಂದು ಸುತ್ತಿಕೊಳ್ಳುತ್ತದೆ. ಅಂಥ ಬಳೆ ಕಂಡೊಡನೆ ಮುಸುಕನ್ನು ಕುಗ್ಗಿಸಲು ಹೊರಡುವವರೇ ಹೆಚ್ಚು. ಮುಸುಕನ್ನು ಕುಗ್ಗಿಸುವುದೆಂದರೆ ಕೂದಲನ್ನು ಬೋಳಿಸುವುದು. ಮೊದಲು ನೋಡಬೇಕಾದುದು ಗುಣಾಕಾರದ ಲೆಕ್ಕವನ್ನು.

ಬೆಳಕಿನ ಲೆಕ್ಕದಲ್ಲಿ ಇನ್ನೊಂದು ಮೋಸವುಂಟು. ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ 18 ಪಾಲನ್ನು ಮಾತ್ರ ಹಿಂದಿರುಗಿಸುವ ಬೂದು ಹಲಗೆ ನಮ್ಮ ಕಣ್ಣಿಗೆ ಕಪ್ಪು ಬಿಳುಪುಗಳ ನಟ್ಟನಡುವಿನ ಛಾಯೆಯಾಗಿ ತೋರುತ್ತದೆ. ಕಣ್ಣಿನ ಈ ಸ್ವಭಾವಕ್ಕೆ ಹೊಂದುವಂತೆ ಕಂಪ್ಯೂಟರಿನ ಸಾಮಾನ್ಯ ಚಿತ್ರಗಳಲ್ಲಿ ಅದನ್ನು ನೂರಕ್ಕೆ ಸುಮಾರು 46 ಎಂದು ಬರೆದಿಟ್ಟಿರುತ್ತಾರೆ. ಈ ಅಂಕೆಗಳನ್ನೇ ಹಿಡಿದು ಬೆರೆಸಿದರೆ ಮಬ್ಬಾದ ಅಂಚುಗಳು ಕಂದುತ್ತವೆ, ದೀಪದ ಪ್ರಭೆ ಸುಣ್ಣ ಬಳಿದಂತೆ ಕಾಣುತ್ತದೆ. ಆದಕಾರಣ ಬೆಸುಗೆಗೆ ಮುನ್ನ ಎಲ್ಲ ಚಿತ್ರಗಳನ್ನೂ ನಿಜವಾದ ಬೆಳಕಿನ ಪ್ರಮಾಣಕ್ಕೆ, ಅಂದರೆ ಲೀನಿಯರ್ ರೂಪಕ್ಕೆ, ತಂದುಕೊಳ್ಳುವುದು ಈ ಕಸುಬಿನ ಮೊದಲ ಮಡಿ.

ಕೆಲಸದ ಮೇಜಿನ ಬಳಿ

ಒಳ್ಳೆಯ ಬೆಸುಗೆ ಕಂಪ್ಯೂಟರಿನ ಮುಂದೆ ಆರಂಭವಾಗುವುದಿಲ್ಲ. ಚಿತ್ರೀಕರಣದ ಅಂಗಳದಲ್ಲಿ ಆರಂಭವಾಗುತ್ತದೆ. ತೆರೆಗೂ ನಟನಿಗೂ ನಡುವೆ ಹತ್ತು ಅಡಿಯಾದರೂ ಅಂತರವಿದ್ದರೆ ಬಣ್ಣದ ಸೋಂಕು ಅರ್ಧಕ್ಕರ್ಧ ತಗ್ಗುತ್ತದೆ. ತೆರೆಗೆ ಬೇರೆ ದೀಪ, ನಟನಿಗೆ ಬೇರೆ ದೀಪ. ತೆರೆಯ ಮೇಲೆ ಸುಕ್ಕು, ನೆರಳುಗಳಿರಬಾರದು. ಮಸೂರದ ಅಳತೆ, ಕ್ಯಾಮೆರಾದ ಎತ್ತರ, ಬಾಗು, ಸೂರ್ಯ ಯಾವ ಕಡೆಗಿದ್ದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟವನು ತಿಂಗಳುಗಳ ಬಳಿಕ ತನಗೆ ತಾನೇ ಕೈಮುಗಿದುಕೊಳ್ಳುತ್ತಾನೆ. ದೊಡ್ಡ ಚಿತ್ರಗಳಲ್ಲಿ ಪ್ರತಿ ದೃಶ್ಯದ ಕೊನೆಗೆ ಒಂದು ಬೂದು ಗೋಳವನ್ನೂ ಒಂದು ಕನ್ನಡಿ ಗೋಳವನ್ನೂ ಹಿಡಿದು ಚಿತ್ರ ತೆಗೆಯುತ್ತಾರೆ. ಬೆಳಕು ಎತ್ತಣಿಂದ, ಎಷ್ಟು ಮೃದುವಾಗಿ ಬರುತ್ತಿತ್ತೆಂಬುದನ್ನು ಅವೆರಡೂ ಸಾಕ್ಷಿ ನುಡಿಯುತ್ತವೆ. ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಯುವ ಉತ್ಸಾಹಿಗಳಿಗೆ ಒಂದು ಮಾತು: ಬಹುಪಾಲು ಫೋನುಗಳು ಜಾಗ ಉಳಿಸಲೆಂದು ನಾಲ್ಕು ಚುಕ್ಕಿಗಳಿಗೆ ಸೇರಿಸಿ ಒಂದೇ ಬಣ್ಣವನ್ನು ದಾಖಲಿಸುತ್ತವೆ. ಬಣ್ಣವನ್ನೇ ನಂಬಿ ಕತ್ತರಿಸುವ ಕೆಲಸಕ್ಕೆ ಇದು ಮೊಂಡು ಕತ್ತರಿ. 4:2:2 ಅಥವಾ ಅದಕ್ಕಿಂತ ಮೇಲಿನ ದಾಖಲೆ ಸಾಧ್ಯವಿರುವ ಕ್ಯಾಮೆರಾ ದೊರೆತರೆ ಅದನ್ನೇ ಆರಿಸಬೇಕು.

ಇನ್ನು ಬಣ್ಣ ಹಿಡಿದು ಕತ್ತರಿಸುವ ಕೀಯಿಂಗ್. ಒಂದೇ ಗುಂಡಿ ಒತ್ತಿ ಇಡೀ ಮನುಷ್ಯನನ್ನು ಬಿಡಿಸಿಕೊಳ್ಳುತ್ತೇನೆ ಎಂಬುದು ದುರಾಸೆ. ಬಲ್ಲವರು ಮುಸುಕನ್ನು ಮೂರು ನಾಲ್ಕು ತುಂಡುಗಳಲ್ಲಿ ಕಟ್ಟುತ್ತಾರೆ. ಮೈಯ ನಡುಭಾಗಕ್ಕೆ ಗಟ್ಟಿಯಾದ ಒಳಮುಸುಕು. ತೋಳು, ಬಟ್ಟೆಗಳ ಅಂಚಿಗೆ ಹದವಾದದ್ದು. ಕೂದಲಿಗೆ ಬಹು ಮೃದುವಾದ, ಕೊಂಚ ಕೊಳೆಯಾದರೂ ಎಳೆ ಉಳಿಸುವ ಮುಸುಕು. ತೆರೆಯಾಚೆಗಿನ ದೀಪದ ಕಂಬ, ಕೈಯಾಳುಗಳ ತಲೆ ಮುಂತಾದವನ್ನು ಕೈಯಿಂದ ಸುತ್ತುಗಟ್ಟಿ ಹೊರಗೆಸೆಯುವುದು. ತರಿ ಹೆಚ್ಚಾಗಿದ್ದರೆ ತರಿ ತೆಗೆದ ಪ್ರತಿಯಿಂದ ಮುಸುಕನ್ನು ಮಾಡಿಕೊಳ್ಳಬಹುದು. ಆದರೆ ಬಣ್ಣಕ್ಕೆ ಮೂಲಚಿತ್ರವನ್ನೇ ಬಳಸಬೇಕು. ಸೋಂಕು ತೆಗೆದಾಗ ಅಂಚು ಕೊಂಚ ಕಪ್ಪಾಗುವುದು ಸಹಜ, ಏಕೆಂದರೆ ಹಸಿರಿನೊಂದಿಗೆ ಬೆಳಕೂ ಹೋಗಿರುತ್ತದೆ. ಹೋದ ಬೆಳಕನ್ನು ಹೊಸ ಹಿನ್ನೆಲೆಯ ಬಣ್ಣದಲ್ಲಿ ಅಷ್ಟೇ ಅಳತೆಗೆ ತಿರುಗಿ ತುಂಬುವವನಿಗೆ ಕೂದಲು ಒಲಿಯುತ್ತದೆ.

ತೆರೆಯೇ ಇಲ್ಲದೆ ತೆಗೆದ ದೃಶ್ಯವಾದರೆ ಕೈಯಿಂದಲೇ ಗೆರೆ ಎಳೆಯಬೇಕು. ಇದಕ್ಕೆ ರೋಟೊಸ್ಕೋಪಿಂಗ್ ಎಂದು ಹೆಸರು. ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಹಕ್ಕುಪತ್ರ ಪಡೆದ ಸಾಧನದಿಂದ ಬಂದ ಮಾತು. ಐದು ಸೆಕೆಂಡಿನ ದೃಶ್ಯಕ್ಕೆ 120 ಚಿತ್ರಗಳು. ಇಡೀ ಆಕೃತಿಗೆ ಒಂದೇ ಗೆರೆ ಸುತ್ತಲು ಹೋದವನು ಸಂಜೆಯೊಳಗೆ ಅಳುತ್ತಾನೆ. ಮುಂಗೈ ಬೇರೆ, ಮೇಲ್ದೋಳು ಬೇರೆ, ಒಂದೊಂದು ಬೆರಳೂ ಬೇರೆ. ಚಲನೆಯ ತುತ್ತತುದಿಗಳಲ್ಲಿ ಮೊದಲು ಗೆರೆಯನ್ನು ನಿಲ್ಲಿಸಿ, ಅನಂತರ ಅವುಗಳ ನಡುವೆ, ಮತ್ತೆ ನಡುವಿನ ನಡುವೆ ತಿದ್ದುತ್ತ ಹೋಗಬೇಕು. ಪ್ರತಿಯೊಂದು ಚಿತ್ರದಲ್ಲಿಯೂ ತಿದ್ದಿದ ಗೆರೆ ಓಡುವಾಗ ನೀರಿನಂತೆ ತುಳುಕುತ್ತದೆ.

ಅಂಚು ಸರಿಹೋದ ಮೇಲೂ ಆಕೃತಿ ಅಂಟಿಸಿದ ಕಾಗದದಂತೆ ಕಾಣುವುದುಂಟು. ಆಗ ಹಲವರು ಬಣ್ಣವನ್ನು ದೂರುತ್ತಾರೆ. ನನ್ನ ಎಣಿಕೆಯಲ್ಲಿ ಹತ್ತರಲ್ಲಿ ಏಳು ಸಲ ತಪ್ಪಿರುವುದು ಕಪ್ಪಿನಲ್ಲಿ. ಚಾಮುಂಡಿ ಬೆಟ್ಟದ ಮೇಲಿನಿಂದ ಊರನ್ನು ನೋಡಿದವರಿಗೆ ಗೊತ್ತು, ಬಳಿಯ ಮರದ ನೆರಳು ಕಪ್ಪು, ದೂರದ ಮರದ ನೆರಳು ನೀಲಿಬೂದು. ನಡುವಿನ ಗಾಳಿ, ಧೂಳು, ಮಂಜು ಕಪ್ಪನ್ನು ಮೇಲೆತ್ತುತ್ತವೆ. ಇನ್ನೂರು ಗಜ ದೂರದಲ್ಲಿ ನಿಲ್ಲಿಸಿದ ಸಿಪಾಯಿಯ ಬೂಟು ಹಿನ್ನೆಲೆಯಲ್ಲಿ ಅಷ್ಟೇ ದೂರದ ಬಂಡೆಯ ನೆರಳಿಗಿಂತ ಕಪ್ಪಾಗಿದ್ದರೆ ಕಣ್ಣು ಮೋಸವನ್ನು ಹಿಡಿದುಬಿಡುತ್ತದೆ. ಏನೆಂದು ಹೇಳಲಾರದು, ಆದರೆ ಹಿಡಿಯುತ್ತದೆ. ಆದ್ದರಿಂದ ಕಪ್ಪನ್ನು ಊಹಿಸಕೂಡದು. ಅದೇ ದೂರದಲ್ಲಿರುವ ನಿಜವಾದ ನೆರಳೊಂದನ್ನು ಹುಡುಕಿ, ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಅಳೆದು, ಆ ಅಂಕೆಗೆ ಹೊಂದಿಸಬೇಕು. ಮೊದಲು ಕಪ್ಪು, ಬಳಿಕ ಬಿಳುಪು, ಕಡೆಗೆ ನಡುವಿನ ಛಾಯೆ. ಈ ಕ್ರಮದಲ್ಲಿ ಹೋದವರಿಗೆ ಅರ್ಧ ದಿನ ಉಳಿಯುತ್ತದೆ.

ಕಾಲಿನ ಕೆಳಗಿನ ನೆರಳು ಇನ್ನೊಂದು. ದೂರಕ್ಕೆ ಚಾಚಿದ ನೆರಳನ್ನು ಎಲ್ಲರೂ ಹಾಕುತ್ತಾರೆ. ಅಂಗಾಲು ನೆಲಕ್ಕೆ ತಾಗುವಲ್ಲಿ ಕೂದಲೆಳೆಯಷ್ಟು ಅಗಲದ ಗಾಢವಾದ ಕಪ್ಪಿರುತ್ತದಲ್ಲ, ಅದನ್ನು ಮರೆಯುತ್ತಾರೆ. ಮನುಷ್ಯ ದೇವತೆಯಂತೆ ನೆಲ ಮುಟ್ಟದೆ ನಿಲ್ಲುತ್ತಾನೆ. ಹಿಂದೆ ಉಜ್ವಲವಾದ ಆಕಾಶವಿದ್ದರೆ ಅದರ ಬೆಳಕು ಅಂಚಿನೊಳಕ್ಕೆ ಕೊಂಚ ಸೋರಬೇಕು. ಇದನ್ನು ಲೈಟ್ ರ‍್ಯಾಪ್ ಎನ್ನುತ್ತಾರೆ. ಮಿತಿಮೀರಿ ಬಳಸಿದರೆ ಮಾತ್ರ ಎಲ್ಲರೂ ಪ್ರಭಾವಳಿ ಹೊತ್ತ ಸಂತರಾಗಿಬಿಡುತ್ತಾರೆ. ಇನ್ನು ಮಸೂರದ ಮಬ್ಬು, ವೇಗದ ಮಬ್ಬು, ತರಿ, ಈ ಮೂರೂ ಹಿನ್ನೆಲೆಯೊಡನೆ ಹೊಂದಬೇಕು. ತರಿಯನ್ನು ಹೊಂದಿಸುವಾಗ ನೀಲಿಯ ಅಂಶವನ್ನು ಬೇರೆಯಾಗಿ ತೆರೆದು ನೋಡುವುದು ಮೇಲು. ಸಾಮಾನ್ಯವಾಗಿ ಅಲ್ಲಿಯೇ ತರಿ ಅತಿಯಾಗಿರುತ್ತದೆ.

ಕೆಲಸ ಮುಗಿಯಿತೆಂದು ತೋರಿದಾಗ ಮಾಡಬೇಕಾದ ಪರೀಕ್ಷೆಗಳಿಗೆ ಖರ್ಚಿಲ್ಲ. ಪರದೆಯ ಬೆಳಕಿನ ಮಟ್ಟವನ್ನು ಅತಿಯಾಗಿ ಏರಿಸಿ ನೋಡುವುದು. ಕತ್ತಲಲ್ಲಿ ಅಡಗಿದ ತಪ್ಪುಗಳೆಲ್ಲ ಹೊರಬರುತ್ತವೆ. ಅತಿಯಾಗಿ ಇಳಿಸಿ ನೋಡುವುದು. ಬೆಳಕಿನಲ್ಲಿ ಅಡಗಿದವು ಹೊರಬರುತ್ತವೆ. ಬಣ್ಣ ತೆಗೆದು ಬರಿಯ ಕಪ್ಪುಬಿಳುಪಿನಲ್ಲಿ ನೋಡುವುದು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದರೆ, ದಿನವಿಡೀ ನೋಡಿ ಜಡವಾದ ಕಣ್ಣಿಗೆ ಅದು ಹೊಸ ಚಿತ್ರವಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಲ್ಲಿಸಿದ ಚಿತ್ರವನ್ನಲ್ಲ, ನಿಜವಾದ ವೇಗದಲ್ಲಿ ಓಡುವ ಚಿತ್ರವನ್ನು ನೋಡಬೇಕು. ಪ್ರೇಕ್ಷಕನ ಕೈಯಲ್ಲಿ ನಿಲ್ಲಿಸುವ ಗುಂಡಿಯಿರುವುದಿಲ್ಲ; ಚಿತ್ರಮಂದಿರದಲ್ಲಂತೂ ಇಲ್ಲವೇ ಇಲ್ಲ.

ಸಲಕರಣೆಗಳ ಮಾತು ಚಿಕ್ಕದು. ದೊಡ್ಡ ಸ್ಟುಡಿಯೋಗಳಲ್ಲಿ ನಡೆಯುವುದು ನ್ಯೂಕ್. 1993ರಲ್ಲಿ ಡಿಜಿಟಲ್ ಡೊಮೇನ್ ಸಂಸ್ಥೆಯೊಳಗೆ ಹುಟ್ಟಿ, 2007ರಲ್ಲಿ ಲಂಡನ್ನಿನ ಫೌಂಡ್ರಿಯ ಕೈಸೇರಿದ ತಂತ್ರಾಂಶವಿದು. ಇದರಲ್ಲಿ ಕೆಲಸ ಪದರದ ಮೇಲೆ ಪದರವಾಗಿ ಕೂರುವುದಿಲ್ಲ. ಮರದ ಕೊಂಬೆಗಳಂತೆ ಒಂದೊಂದು ಹೆಜ್ಜೆಯೂ ಒಂದು ನೋಡ್ ಆಗಿ ಕವಲೊಡೆಯುತ್ತದೆ. ನಿನ್ನೆ ಮಾಡಿದ ತಪ್ಪಿನ ಬಳಿಗೆ ಇಂದು ನೇರವಾಗಿ ಹೋಗಿ ತಿದ್ದಬಹುದು. ಕಲಿಯುವವರಿಗೆ ಇದರ ವ್ಯಾಪಾರೇತರ ಆವೃತ್ತಿ ಉಚಿತ. ಡಾವಿಂಚಿ ರಿಸಾಲ್ವ್‌ನೊಳಗಿನ ಫ್ಯೂಷನ್, ಬ್ಲೆಂಡರ್‌ನ ಕಾಂಪೋಸಿಟರ್ ಇವೂ ಹಣವಿಲ್ಲದೆ ದೊರೆಯುತ್ತವೆ. ಆಫ್ಟರ್ ಎಫೆಕ್ಟ್ಸ್ ಪದರಗಳ ಪಂಥದ್ದು, ಜಾಹೀರಾತು, ಶೀರ್ಷಿಕೆಗಳಿಗೆ ಅನುಕೂಲ. ಯಾವುದನ್ನು ಕಲಿಯಲಿ ಎಂದು ವರ್ಷಗಟ್ಟಲೆ ವಾದಿಸುವ ಯುವಕರನ್ನು ಕಂಡರೆ ನನಗೆ ಕನಿಕರವಾಗುತ್ತದೆ. ಆಲ್ಫಾ, ಲೀನಿಯರ್, ಕಪ್ಪಿನ ಮಟ್ಟ, ಇವು ಎಲ್ಲದರಲ್ಲಿಯೂ ಒಂದೇ.

ಬೆಂಗಳೂರಿನ ಕಾಡು

ಸಾಬುವಿನ ಕಥೆಗೆ ಮರಳೋಣ. 1942ರಲ್ಲಿ ಅವನು ಕಿಪ್ಲಿಂಗನ 'ಜಂಗಲ್ ಬುಕ್' ಚಿತ್ರದ ಮೋಗ್ಲಿಯಾದ. ಕಬಿನಿಯ ಕಾಡಿನ ಹುಡುಗನನ್ನು ಹಾಲಿವುಡ್ಡಿನವರು ಕಟ್ಟಿದ ಕಾಡಿನಲ್ಲಿ ಓಡಿಸಿದರು. 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವನು ಅಮೆರಿಕದಲ್ಲಿಯೇ ತೀರಿಕೊಂಡ.

2016ರಲ್ಲಿ ಅದೇ ಕಥೆ ಮತ್ತೊಮ್ಮೆ ಚಿತ್ರವಾಯಿತು. ಈ ಸಲದ ಮೋಗ್ಲಿ ಲಾಸ್ ಏಂಜಲಿಸಿನ ಸ್ಟುಡಿಯೋದೊಳಗೆ ನೀಲಿ ತೆರೆಗಳ ನಡುವೆ ನಡೆದಾಡಿದ. ಹುಲಿ, ಕರಡಿ, ಮರ, ಹೊಳೆ ಎಲ್ಲವೂ ಕಂಪ್ಯೂಟರಿನ ಸೃಷ್ಟಿ. ಆ ಕಾಡಿನ ಬಹುಭಾಗವನ್ನು ಬೆಳೆಸಿದ್ದು ಎಂಪಿಸಿ ಎಂಬ ಸಂಸ್ಥೆ. ಅದರ ಬೆಂಗಳೂರು ಶಾಖೆಯ ನೂರಾರು ಕಲಾವಿದರು ಆ ಕೆಲಸದಲ್ಲಿ ಪಾಲುಗೊಂಡರು. ಭಾರತದ ಕಾಡುಗಳ ಮರ, ಬಂಡೆ, ಬಳ್ಳಿಗಳ ಛಾಯಾಚಿತ್ರ ತೆಗೆದು ತಂದು ಮಾದರಿಯಾಗಿ ಒದಗಿಸಿದರು. ಮೈಸೂರಿನ ಹುಡುಗ ಹಾಲಿವುಡ್ಡಿನ ಕಾಡಿಗೆ ಹೋದ 74 ವರ್ಷಗಳ ಬಳಿಕ ಹಾಲಿವುಡ್ಡಿನ ಕಾಡು ಬೆಂಗಳೂರಿಗೆ ಬಂತು. ಚಿತ್ರಕ್ಕೆ ದೃಶ್ಯ ಚಮತ್ಕಾರದ ಆಸ್ಕರ್ ಬಂತು. ನಿಯಮದಂತೆ ವೇದಿಕೆ ಹತ್ತಿದವರು ನಾಲ್ವರು.

ಎಂಪಿಸಿಯ ಒಡೆತನವಿದ್ದುದು ಟೆಕ್ನಿಕಲರ್ ಎಂಬ ಹೆಸರಿನ ಸಮೂಹದ ಕೈಯಲ್ಲಿ. ಹೌದು, ಸಾಬುವಿನ ನೀಲಿ ತೆರೆಯನ್ನು ಮೂರು ಫಿಲ್ಮುಗಳ ಮೇಲೆ ದಾಖಲಿಸಿದ ಕ್ಯಾಮೆರಾದ ಹೆಸರೇ. ಫೆಬ್ರವರಿ 2025ರ ಕೊನೆಯ ವಾರ ಆ ಸಮೂಹ ಕುಸಿಯಿತು. ಲಂಡನ್ನಿನಿಂದ ಬೆಂಗಳೂರಿನವರೆಗೆ ಸ್ಟುಡಿಯೋಗಳ ಬಾಗಿಲು ಮುಚ್ಚಿದವು. ಬೆಂಗಳೂರು, ಮುಂಬಯಿಗಳಲ್ಲಿ ಸಾವಿರಾರು ಮಂದಿ ಕೆಲವೇ ದಿನಗಳ ಅಂತರದಲ್ಲಿ ಕೆಲಸ ಕಳೆದುಕೊಂಡರು. ಇದು ಮೊದಲನೆಯ ಸಲವೂ ಅಲ್ಲ. 2013ರ ಫೆಬ್ರವರಿಯಲ್ಲಿ 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿದ ಎರಡು ವಾರದೊಳಗೆ ಅದೇ ಚಿತ್ರಕ್ಕೆ ಆಸ್ಕರ್ ಬಂದಿತ್ತು. ಗೊತ್ತಾದ ಮೊತ್ತಕ್ಕೆ ಕೆಲಸ ಒಪ್ಪಿಕೊಂಡು, ಚಿತ್ರ ತಯಾರಕರು ಎಷ್ಟು ಸಲ ಬದಲಿಸಹೇಳಿದರೂ ಬದಲಿಸಿ ಕೊಡಬೇಕಾದ ಏರ್ಪಾಡು ಈ ಉದ್ಯಮದ ಹಳೆಯ ರೋಗ. ಇದರ ಮೇಲೆ, ಗೆರೆ ಸುತ್ತುವ ರೋಟೊ ಕೆಲಸವನ್ನು ಯಂತ್ರಗಳೇ ಕಲಿಯತೊಡಗಿವೆ. ಹೊಸಬರು ಒಳಬರುತ್ತಿದ್ದ ಬಾಗಿಲೇ ಅದು.

ಬಾಗಿಲು ಕಿರಿದಾಗುತ್ತಿದೆ, ಆದರೆ ಯಂತ್ರ ಸುತ್ತಿಕೊಟ್ಟ ಗೆರೆ ಇಂದಿಗೂ ಕೂದಲಲ್ಲಿ, ವೇಗದ ಮಬ್ಬಿನಲ್ಲಿ, ಒಂದರ ಮೇಲೊಂದು ಬಿದ್ದ ಬೆರಳುಗಳಲ್ಲಿ ತಡವರಿಸುತ್ತದೆ. ಅದನ್ನು ಕಂಡುಹಿಡಿದು ತಿದ್ದುವ ಕಣ್ಣಿಗೆ ಗಿರಾಕಿ ಇದ್ದಾನೆ. ಕೆಲಸ ಅರಸುವ ತರುಣ ತರುಣಿಯರು ತಮ್ಮ ಮಾದರಿ ಸುರುಳಿಯನ್ನು ಎರಡು ನಿಮಿಷಕ್ಕಿಂತ ಉದ್ದ ಮಾಡಬಾರದು. ಅತ್ಯುತ್ತಮವಾದುದು ಮೊದಲಿಗೇ ಬರಲಿ. ಮುಗಿದ ದೃಶ್ಯದ ಪಕ್ಕದಲ್ಲಿ ಮೂಲಚಿತ್ರವನ್ನೂ, ಒಂದೊಂದಾಗಿ ಏರಿದ ಪದರಗಳನ್ನೂ ತೋರಿಸಬೇಕು. ಬೆಸುಗೆ ಕಾಣದಿದ್ದಾಗ ಬೆಸೆದವನೂ ಕಾಣುವುದಿಲ್ಲವಾದ್ದರಿಂದ ಈ ಒಂದು ಕಡೆ ಮಾತ್ರ ಗುಟ್ಟು ಬಿಟ್ಟುಕೊಡುವುದು ಅನಿವಾರ್ಯ. ಹತ್ತು ಮಂದಿ ಸೇರಿ ಮಾಡಿದ ದೃಶ್ಯದಲ್ಲಿ ತಾನು ಮಾಡಿದ್ದು ಅಂಚನ್ನೋ ನೆರಳನ್ನೋ ಎಂಬುದನ್ನು ದೃಶ್ಯದ ಕೆಳಗೆ ಸ್ಪಷ್ಟವಾಗಿ ಬರೆಯಬೇಕು.

ಮನೆಯಲ್ಲಿಯೇ ಅಭ್ಯಾಸ ಮಾಡಬಯಸುವವರಿಗೆ ನಾಲ್ಕು ಮೊಳ ಹಸಿರು ಬಟ್ಟೆ ಸಾಕು. ಬಟ್ಟೆಯನ್ನು ಇಸ್ತ್ರಿ ಮಾಡಿ, ಎಣ್ಣೆ ಹಚ್ಚದ, ಬಾಚದ ತಲೆಯ ಮಗುವೊಂದನ್ನು ಅದರ ಮುಂದೆ ಫ್ಯಾನಿನ ಗಾಳಿಗೆ ನಿಲ್ಲಿಸಿ ಹತ್ತು ಸೆಕೆಂಡು ಚಿತ್ರ ತೆಗೆಯಿರಿ. ಮುಖ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕೂದಲಿಗೆ ಒಂದು ವಾರ ಇಟ್ಟುಕೊಳ್ಳಿ.